ಸಹಿಗೆ ಮೊದಲು ಹೇಳಬೇಕಾದ ಮಾತು

ಪ್ರೀತಿಯ ಕಿರಿಯ ವೈದ್ಯೆಗೆ,

ರಕ್ತನಾಳದ ಶಸ್ತ್ರಚಿಕಿತ್ಸೆ ಕಲಿಯಲು ಅಮೆರಿಕಕ್ಕೆ ಹೊರಟಿದ್ದೀಯ. ಡಯಾಲಿಸಿಸ್ ರೋಗಿಯ ತೋಳಿಗೆ ದನದ ಕತ್ತಿನ ಅಪಧಮನಿಯನ್ನು ಹೊಲಿಯುವುದನ್ನು ಅಲ್ಲಿ ನೋಡುತ್ತೀಯ, ಮುಂದೆ ನೀನೂ ಹೊಲಿಯುತ್ತೀಯ. ಹೊಲಿಗೆಯನ್ನು ಗುರುಗಳು ಕಲಿಸುತ್ತಾರೆ. ನಾನು ಹೇಳುವುದು ಅದಕ್ಕೂ ಮೊದಲಿನದು.

ರೋಗಿಯ ಸ್ವಂತ ನಾಳಕ್ಕೇ ಮೊದಲ ಮಣೆ. ಬ್ರೆಸಿಯಾ, ಸಿಮಿನೊ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಮಣಿಕಟ್ಟಿನ ಫಿಸ್ಟುಲಾಕ್ಕೆ, ಅಂದರೆ ಅಪಧಮನಿಗೆ ಸಿರೆಯನ್ನು ಹೊಲಿದು ಮಾಡುವ ಜೋಡಣೆಗೆ, ಇಂದಿಗೂ ಆ ಮಣೆ ತಪ್ಪಿಲ್ಲ. ಆದ್ದರಿಂದ ಕಿಡ್ನಿ ಸೋಲುತ್ತಿರುವವರ ಮುಂಗೈಗೆ ಕಂಡಕಂಡಲ್ಲಿ ಸೂಜಿ ಚುಚ್ಚಲು ಬಿಡಬೇಡ. ಸಕ್ಕರೆ ಕಾಯಿಲೆ, ವಯಸ್ಸು, ಹಳೆಯ ಚುಚ್ಚುಗಳಿಂದ ಸರಿಯಾದ ಸಿರೆ ಸಿಗದವರಿಗೆ ಮಾತ್ರ ಬೇರೆ ಕೊಳವೆ ಬೇಕಾಗುತ್ತದೆ. ಪಿಟಿಎಫ್ಇ ಎಂಬ ಕೃತಕ ನಾಳ ಒಂದು ದಾರಿ, ದನದ್ದು ಇನ್ನೊಂದು.

ನ್ಯೂಜೆರ್ಸಿಯ ಸರ್ಜನ್ ನಾರ್ಮನ್ ರೋಸೆನ್‌ಬರ್ಗ್ 1950ರ ದಶಕದಲ್ಲೇ ಈ ದನದ ನಾಳದ ಬೆನ್ನು ಹತ್ತಿದ್ದರು. ಅಂಜೂರದ ಹಾಲಿನಲ್ಲಿರುವ ಫಿಸಿನ್ ಎಂಬ ಕಿಣ್ವ ನಾಳದ ಸ್ನಾಯುವನ್ನು ಕರಗಿಸುತ್ತದೆ. ಉಳಿದ ಕೊಲಾಜೆನ್ ಕೊಳವೆಯನ್ನು ಡೈಆಲ್ಡಿಹೈಡ್ ಸ್ಟಾರ್ಚ್‌ನಿಂದ ಚರ್ಮದಂತೆ ಹದ ಮಾಡುತ್ತಾರೆ. ಅದರಲ್ಲಿ ಜೀವಕೋಶವಿಲ್ಲ, ಹಾಗಾಗಿ ಅಂಗಾಂಗ ಕಸಿಯಂತೆ ದೇಹ ಅದರ ಮೇಲೆ ಏರಿ ಬರುವುದಿಲ್ಲ. ಹಾಗೆಂದು ಅದು ನಿರ್ದೋಷಿಯಲ್ಲ: ಹೆಪ್ಪುಗಟ್ಟಬಹುದು, ಸೋಂಕು ತಗಲಬಹುದು, ಉಬ್ಬಬಹುದು.

ಇವನ್ನೆಲ್ಲ ರೋಗಿಗೆ ವಿವರಿಸಿ, 'ಜೈವಿಕ ನಾಳ' ಎಂದಷ್ಟೇ ಹೇಳಿ ಸಹಿ ಹಾಕಿಸಿಕೊಳ್ಳುವುದು ಸುಲಭ. ಹಾಗೆ ಮಾಡಬೇಡ. 'ಇದು ದನದ್ದು' ಎಂದು ಬಾಯಿಬಿಟ್ಟು ಹೇಳು. ಎದುರಿಗೆ ಕೂತವರು ನಮ್ಮೂರ ಕಡೆಯವರಾದರೆ ಕನ್ನಡದಲ್ಲೇ ಹೇಳು. ಗೋವನ್ನು ಪೂಜಿಸುವವರಿಗೆ ಅದು ಸಣ್ಣ ವಿವರವಲ್ಲ.

ಪ್ರಾಣಿಯಿಂದ ಬರುವುದು ಈ ನಾಳವೊಂದೇ ಅಲ್ಲ: ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲು ಕೊಡುವ ಹೆಪಾರಿನ್ ಬಹುಪಾಲು ಹಂದಿಯ ಕರುಳಿನಿಂದ ಬರುತ್ತದೆ. ರೋಗಿ ಹಿಂಜರಿದಾಗ 'ಅದನ್ನು ತಗೊಳ್ಳುತ್ತಿಲ್ಲವೇ?' ಎಂದು ಬಾಯಿ ಮುಚ್ಚಿಸುವ ಆಸೆ ನಿನಗೂ ಬಂದೀತು. ಆದರೆ ಅದು ವಾದ ಗೆಲ್ಲುವ ದಾಳವಲ್ಲ, ಅವರಿಗೆ ಮೊದಲೇ ತಿಳಿಸಬೇಕಾಗಿದ್ದ ಇನ್ನೊಂದು ಸಂಗತಿ.

ಆಪರೇಷನ್ನಿನ ಬೆಳಿಗ್ಗೆ ಹೇಳಿದರೆ ಅದು ಹೇಳಿದಂತಲ್ಲ. ಕೆಲವು ದಿನ ಮೊದಲೇ ಹೇಳು, ಮನೆಯವರ ಜೊತೆ, ಬೇಕಾದರೆ ಮಠದ ಹಿರಿಯರ ಜೊತೆ ಮಾತಾಡಿ ಬರಲಿ. ಒಪ್ಪಿದರೆ ಹೊಲಿ. ಒಲ್ಲೆ ಎಂದರೆ ಮುಖ ಸಣ್ಣ ಮಾಡದೆ ಪಿಟಿಎಫ್ಇ ಮಾತು ಎತ್ತು. ವಾರಕ್ಕೆ ಮೂರು ಸಲ ಸೂಜಿ ಚುಚ್ಚಿಸಿಕೊಳ್ಳುವ ತೋಳು ಅವರದು.

ಇಂತಿ,
ನಿನ್ನ ಹಿರಿಯ ಸಹೋದ್ಯೋಗಿ