ಆಗುವುದಿಲ್ಲ ಎಂದರೆ ಸ್ವಾರ್ಥವೇ?

ಪ್ರಶ್ನೆ: ಚರ್ಚ್‌ನ ಕ್ವಾಯರ್, ಮಕ್ಕಳ ಧರ್ಮಶಿಕ್ಷಣ, ನಾದಿನಿಯ ಮಗನ ಟ್ಯೂಷನ್, ಯಾರು ಏನು ಕೇಳಿದರೂ ಒಪ್ಪಿಕೊಂಡು ಆಮೇಲೆ ಒಳಗೊಳಗೇ ಕುದಿಯುತ್ತೇನೆ. ನಿರಾಕರಿಸಿದರೆ ಪಾಪಪ್ರಜ್ಞೆ. ಏನು ಮಾಡಲಿ? – ಗೃಹಿಣಿ, ಮಂಗಳೂರು

ಉತ್ತರ: ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯವನ್ನು 35ನೇ ವಚನದಿಂದ ಓದಿ. ಎಲ್ಲರೂ ಯೇಸುವನ್ನು ಹುಡುಕುತ್ತಿದ್ದಾರೆ. ಆತ ನಸುಕಿನಲ್ಲೇ ಎದ್ದು ಒಬ್ಬನೇ ಪ್ರಾರ್ಥನೆಗೆ ಹೋಗಿ, ಅಲ್ಲಿಂದ ಬೇರೆ ಊರುಗಳತ್ತ ಹೊರಡುತ್ತಾನೆ. ಕಾದಿದ್ದವರಿಗೆ ಬೇಸರವಾಗಿದ್ದರೂ ಆಗಿರಬಹುದು. ಆದರೂ ಅದು ಸ್ವಾರ್ಥವಲ್ಲ; ನಿಮ್ಮ ನಿರಾಕರಣೆಯೂ ಅಷ್ಟೇ.

ನೀವು ಹೇಳಿದ ಮೂರು ಕೆಲಸಗಳಲ್ಲಿ ಖುಷಿಯಿಂದ ಮಾಡುವುದು ಯಾವುದೋ ಅದನ್ನು ಇಟ್ಟುಕೊಳ್ಳಿ. ಬಿಡುವುದನ್ನು ಮೊದಲೇ ತಿಳಿಸಿ: ‘ಫಾದರ್, ಮುಂದಿನ ತಿಂಗಳಿಂದ ಧರ್ಮಶಿಕ್ಷಣಕ್ಕೆ ಬರಲು ನನ್ನಿಂದ ಆಗುವುದಿಲ್ಲ.’ ಅಷ್ಟೇ ಸಾಕು. ಕಾರಣಗಳ ಪಟ್ಟಿ ಕೊಟ್ಟಿರೋ, ಚೌಕಾಸಿ ಶುರುವಾಗುತ್ತದೆ. ಹೊಸದಾಗಿ ಯಾರಾದರೂ ಕೇಳಿದರೆ ‘ನಾಳೆ ಹೇಳ್ತೇನೆ’ ಎನ್ನಿ. ಪ್ರೀತಿಯಿಂದ ಒಪ್ಪುತ್ತಿದ್ದೇನೋ ಹೆದರಿಕೆಯಿಂದಲೋ ಎಂದು ರಾತ್ರಿ ಪ್ರಾರ್ಥನೆಯಲ್ಲಿ ಕೇಳಿಕೊಳ್ಳಿ. ಟ್ಯೂಷನ್ ಬಿಟ್ಟರೆ ನಾದಿನಿ ಕೆಲವು ದಿನ ಮುಖ ಊದಿಸಿಕೊಂಡಾರು, ಇರಲಿ. ಸಮಾಧಾನ ಮಾಡಲು ಓಡಬೇಡಿ. ನಿಮ್ಮ ಹಳೆಯ ಅಭ್ಯಾಸ ಮರಳುವುದೇ ಆ ಗಳಿಗೆಯಲ್ಲಿ.

ನಿದ್ದೆ, ಊಟ ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ ಅಥವಾ ಒಪ್ಪದಿದ್ದರೆ ಮನೆಯಲ್ಲಿ ಹೊಡೆತ, ಬೈಗುಳ ಬೀಳುತ್ತದೆ ಎಂಬ ಭಯವಿದ್ದರೆ, ಪ್ರಾರ್ಥನೆಯ ಜೊತೆಗೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.