ಮೂರೇ ಸಾರಿ ಹೊಡೆದ ಅರಸನು

2 ಅರಸುಗಳು 13ನೆಯ ಅಧ್ಯಾಯವನ್ನು ತೆರೆದು ಓದೋಣ. ಮರಣದ ಹಾಸಿಗೆಯಲ್ಲಿದ್ದ ಎಲೀಷನು ಇಸ್ರಾಯೇಲಿನ ಅರಸನಾದ ಯೋವಾಷನಿಂದ ಬಾಣವನ್ನು ಎಸಿಸಿ, ಇದು ಅರಾಮ್ಯರ ಮೇಲೆ ದೇವರು ಕೊಡುವ ಜಯದ ಗುರುತೆಂದು ತಿಳಿಸಿದನು. ತರುವಾಯ ಉಳಿದ ಬಾಣಗಳಿಂದ ನೆಲವನ್ನು ಹೊಡೆಯಬೇಕೆನ್ನಲು, ಅರಸನು 3 ಸಾರಿ ಹೊಡೆದು ನಿಲ್ಲಿಸಿದನು. ಪ್ರವಾದಿಯು ಕೋಪಗೊಂಡನು. 5 ಇಲ್ಲವೆ 6 ಸಾರಿ ಹೊಡೆದಿದ್ದರೆ ಶತ್ರುವು ನಿರ್ಮೂಲವಾಗುತ್ತಿದ್ದನು. ಈಗಲಾದರೋ ಜಯವು 3 ಸಾರಿ ಮಾತ್ರ.

ಎಷ್ಟು ಸಾರಿಯೆಂದು ಎಲೀಷನು ಮೊದಲೇ ಹೇಳಲಿಲ್ಲವಲ್ಲಾ ಎಂದು ಕೆಲವರು ಅನ್ನುವರು. ನಿಜವೇ. ಆದರೆ ಜಯದ ವಾಗ್ದಾನವನ್ನು ಆಗಲೇ ಕಿವಿಯಾರೆ ಕೇಳಿದವನು ಕೈ ಹಿಡಿದದ್ದೇಕೆ? ಅಲ್ಪವೇ ಸಾಕೆಂದುಕೊಂಡನೆಂದು ನಮಗೆ ತೋರುತ್ತದೆ.

ನಾವೂ ಜ್ವರ ಬಿಡಲಿ, ಮಳೆ ಬರಲಿ ಎಂದು ಬೇಡಿ, ಅದು ದೊರೆತೊಡನೆ ಮೊಣಕಾಲೂರುವದನ್ನು ಬಿಡುತ್ತೇವೆ. ನೆರೆಯವನ ಮೇಲಿನ ಹಗೆಯೂ ಕಳ್ಳಿನ ಆಶೆಯೂ ಮನೆಯಲ್ಲಿಯೇ ಉಳಿದಿರುತ್ತವೆ. ಅವುಗಳ ಮೇಲೆ ಜಯವನ್ನು ನಾವಿನ್ನೂ ಕೇಳಲಿಲ್ಲ.