ವಿಮಾನಕ್ಕೆ ಎಣ್ಣೆ ಕಾಣುತ್ತದೆಯೇ? – ಬೋಧನಾಭ್ಯಾಸದ ಒಂದು ಪಾಠ

ಒಂಬತ್ತನೇ ತರಗತಿಯ ಗುರುತ್ವ ಘಟಕಕ್ಕೆ ಪೂರಕವಾಗಿ ‘ವಿಮಾನದಿಂದ ಎಣ್ಣೆ ಪತ್ತೆ’ ಎಂಬ ಪಾಠಯೋಜನೆ ಬರೆದುಕೊಂಡು ಹೋಗಿದ್ದೆ. ಮೌಲ್ಯಮಾಪನದಲ್ಲಿ ಹಲವರು ‘ಆಯಸ್ಕಾಂತ ನೆಲದೊಳಗಿನ ಎಣ್ಣೆಯನ್ನು ಸೆಳೆಯುತ್ತದೆ’ ಎಂದು ಬರೆದರು. ತಪ್ಪು ಮಕ್ಕಳದಲ್ಲ, ನನ್ನ ಶೀರ್ಷಿಕೆಯೇ ಹಾಗೆ ಹೇಳುತ್ತಿತ್ತು. ಮರುದಿನ ಅದನ್ನು ತಿದ್ದಿದ ಬಗೆಯನ್ನು ಸಹಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ವಿಷಯಾಂಶ

ಪೆಟ್ರೋಲಿಯಂ ಸಾಮಾನ್ಯವಾಗಿ ಸಿಗುವುದು ದಪ್ಪನೆಯ ಪದರ ಶಿಲೆಗಳಲ್ಲಿ. ಅವುಗಳಲ್ಲಿ ಮ್ಯಾಗ್ನೆಟೈಟ್ ಬಹಳ ಕಡಿಮೆ. ಅಡಿಯಲ್ಲಿರುವ ತಳಶಿಲೆಯಲ್ಲಿ ಹೆಚ್ಚು. ಹಾಗಾಗಿ ಕಾಂತಮಾಪಕದಿಂದ ತಿಳಿಯುವುದು ತಳಶಿಲೆಯ ಆಳ, ಅಂದರೆ ಮೇಲಿನ ಪದರಗಳ ದಪ್ಪ. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕಲು ಬಳಸಿದ ವೈಮಾನಿಕ ಕಾಂತಮಾಪಕವೇ ಯುದ್ಧದ ನಂತರ ಈ ಕೆಲಸಕ್ಕೆ ಬಂತು.

ಗುರುತ್ವಮಾಪಕ ತೋರಿಸುವುದು ಸಾಂದ್ರತೆಯ ವ್ಯತ್ಯಾಸವನ್ನು. 1924ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನ್ಯಾಶ್ ಎಂಬ ಉಪ್ಪಿನ ಗುಮ್ಮಟವನ್ನು ನೆಲದ ಮೇಲಿನ ಗುರುತ್ವ ಅಳತೆಯಿಂದಲೇ ಗುರುತಿಸಿದರು. ಆಳದಲ್ಲಿ ಉಪ್ಪು ಸುತ್ತಲಿನ ಶಿಲೆಗಿಂತ ಹಗುರ, ಘನ ಸೆಂಟಿಮೀಟರಿಗೆ ಸುಮಾರು 2.2 ಗ್ರಾಂ. ಅಳೆಯುವ ಮಾನ ಮಿಲಿಗ್ಯಾಲ್. ಅದು g ಬೆಲೆಯ ಸುಮಾರು 10 ಲಕ್ಷದ ಒಂದು ಭಾಗ. ವಿಮಾನದ ಏರಿಳಿತದ ವೇಗೋತ್ಕರ್ಷ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದನ್ನು ಜಿಪಿಎಸ್‌ನಿಂದ ಲೆಕ್ಕಹಾಕಿ ಕಳೆಯುತ್ತಾರೆ.

ಚಟುವಟಿಕೆ

ದಂಡಕಾಂತದ ಮೇಲೆ ನೋಟ್‌ಪುಸ್ತಕಗಳನ್ನಿಟ್ಟು, ಅವುಗಳ ಮೇಲೆ ದಿಕ್ಸೂಚಿಯನ್ನು ನಿಧಾನವಾಗಿ ಸರಿಸಬೇಕು. ಎರಡೇ ಪುಸ್ತಕವಿದ್ದಾಗ ಮುಳ್ಳು ಥಟ್ಟನೆ ತಿರುಗಿತು. ಪುಸ್ತಕ ಹೆಚ್ಚಿದಂತೆ ತಿರುವು ಕಡಿಮೆಯಾಗಿ, ಅಗಲಕ್ಕೆ ಹರಡಿಕೊಂಡಿತು. ಆಳ ಅಂದಾಜಿಸುವ ತತ್ವ ಇದೇ.

ಮೊದಲ ದಿನ ಒಬ್ಬ ಹುಡುಗಿ, “ಮಿಸ್, ಆಯಸ್ಕಾಂತ ತೆಗೆದರೂ ಮುಳ್ಳು ತಿರುಗ್ತಿದೆ” ಎಂದಿದ್ದಳು. ಸಮಯ ಮೀರುತ್ತಿದ್ದ ಗಾಬರಿಯಲ್ಲಿ “ಅದನ್ನು ಬಿಡಮ್ಮ” ಎಂದುಬಿಟ್ಟೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಅದೊಂದನ್ನೇ ಗುರುತು ಮಾಡಿದ್ದರು. ಮರುದಿನ ಅವಳ ಪ್ರಶ್ನೆಯಿಂದಲೇ ಪಾಠ ಶುರುಮಾಡಿದೆ. ಕಾರಣ, ಡೆಸ್ಕಿನ ಕಬ್ಬಿಣದ ಚೌಕಟ್ಟು. ವಿಮಾನಕ್ಕೂ ಇದೇ ತೊಂದರೆ: ಎಂಜಿನ್ನಿನ ಕಬ್ಬಿಣವೂ ವಿದ್ಯುತ್ ತಂತಿಗಳೂ ಅಳತೆಯನ್ನು ಕೆಡಿಸುತ್ತವೆ. ಅದಕ್ಕೇ ಕಾಂತಮಾಪಕವನ್ನು ಬಾಲದಾಚೆಗಿನ ಉದ್ದ ಕೋಲಿನ ತುದಿಯಲ್ಲಿ ಇಡುತ್ತಾರೆ, ಇಲ್ಲವೇ ಹಗ್ಗ ಕಟ್ಟಿ ದೂರದಲ್ಲಿ ಎಳೆಯುತ್ತಾರೆ. ಚಟುವಟಿಕೆಯನ್ನು ನೆಲದ ಮೇಲೆ ಮಾಡಿದಾಗ ಮುಳ್ಳು ಸರಿಯಾಯಿತು.

ಫಲಿತಾಂಶ

ಶೀರ್ಷಿಕೆಯನ್ನು ಅಳಿಸಿ ‘ವಿಮಾನ ಶಿಲೆಯ ರಚನೆಯನ್ನು ಸೂಚಿಸುತ್ತದೆ, ಎಣ್ಣೆ ಇದೆಯೇ ಎಂಬುದು ಕೊರೆದ ಮೇಲೇ ಖಚಿತ’ ಎಂದು ಬರೆದೆ. “ನಮ್ಮೂರಲ್ಲಿ ಎಣ್ಣೆ ಇದೆಯಾ ಮಿಸ್?” ಎಂಬ ಪ್ರಶ್ನೆ ಬಂತು. ಶಾಲೆಯ ಹಿಂದಿನ ಬಂಡೆಯನ್ನು ತೋರಿಸಿ, ದಕ್ಷಿಣ ಕರ್ನಾಟಕದ ನೈಸ್ ಶಿಲೆ ಸುಮಾರು 300 ಕೋಟಿ ವರ್ಷ ಹಳೆಯದು ಎಂದಷ್ಟೇ ಹೇಳಿದೆ. “ಹಾಗಾದ್ರೆ ನಾವು ತಳಶಿಲೆ ಮೇಲೇ ಕೂತಿದ್ದೀವಿ, ಪದರವೇ ಇಲ್ಲ” ಎಂದವಳು ಅದೇ ಹುಡುಗಿ.